ಹಳೇ ಮಸಲ್ ಕಾರಿಗೆ ಯಾವ ಬುಷ್? ರಬ್ಬರ್, ಪಾಲಿ, ಡೆಲ್ರಿನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಯಾವ ಕಾರಿನ ಮಾತು?

ಮಸಲ್ ಕಾರ್ ಅಂದರೆ ದೊಡ್ಡ ಎಂಜಿನ್ ಇಟ್ಟ ಹಳೇ ಅಮೆರಿಕನ್ ಕಾರು. ಇಲ್ಲಿ ಮುಖ್ಯವಾಗಿ 1968ರಿಂದ 1972ರವರೆಗಿನ ಷೆವರ್ಲೆ ಷೆವೆಲ್. ಅದೇ ಕಾಲದ ಪಾಂಟಿಯಾಕ್ ಜಿಟಿಒ, ಓಲ್ಡ್ಸ್‌ಮೊಬೈಲ್ 442, ಬ್ಯೂಕ್ ಜಿಎಸ್ ಕೂಡ ಜನರಲ್ ಮೋಟಾರ್ಸ್‌ನ ಇದೇ ಎ-ಬಾಡಿ ಗುಂಪಿನವು, ಅಂದರೆ ಒಂದೇ ತಳಹದಿಯವು. ಆದ್ದರಿಂದ ಇಲ್ಲಿ ಹೇಳಿದ ಬಹುಪಾಲು ಅವಕ್ಕೂ ಹೊಂದುತ್ತದೆ. ಮಸ್ಟಾಂಗ್, ಕಮಾರೊ, ಚಾರ್ಜರ್ ಇಟ್ಟುಕೊಂಡವರಿಗೆ ಕೊನೆಯ ಹತ್ತಿರ ಬೇರೆ ಉತ್ತರ ಇದೆ.

ಚಕ್ರವನ್ನು, ಆಕ್ಸಲನ್ನು ಹಿಡಿದಿರುವ ಕಬ್ಬಿಣದ ತೋಳಿಗೆ ಆರ್ಮ್ ಅಂತಾರೆ, ಅದರ ಕೀಲಿನಲ್ಲಿ ಕೂರುವ ತುಂಡೇ ಬುಷ್. ಷೆವೆಲ್ಲನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಈ ಗಾಡಿಯ ಮುಂದಿನ ಸಸ್ಪೆನ್ಷನ್ ಬುಷ್‌ನಿಂದ ಕೇಳುವುದೇ ಒಂದು, ಹಿಂದಿನದು ಕೇಳುವುದೇ ಇನ್ನೊಂದು. ಇದೊಂದು ಅರ್ಥವಾದರೆ ಬೇರೆ ಗಾಡಿಯ ಲೆಕ್ಕ ನೀವೇ ಹಾಕಬಹುದು. ಮುಂದೆ 8, ಹಿಂದೆ 8, ಒಟ್ಟು 16 ಆರ್ಮ್ ಬುಷ್. ಸುಮಾರು 1,700 ಕೆಜಿ ತೂಕದ ಗಾಡಿ. 1970ರ ಎಲ್‌ಎಸ್6 ಮಾದರಿಯಾದರೆ 454 ಘನ ಇಂಚಿನ ಎಂಜಿನ್, ಕಂಪನಿ ಲೆಕ್ಕದಲ್ಲಿ 450 ಅಶ್ವಶಕ್ತಿ. ಆ ಬಲವೆಲ್ಲ ರಸ್ತೆಗೆ ಇಳಿಯುವುದು ಈ ರಬ್ಬರ್ ತುಂಡುಗಳ ಮೂಲಕವೇ.

ಬುಷ್ ಒಳಗೆ ನಿಜಕ್ಕೂ ಏನು ನಡೆಯುತ್ತದೆ?

ಆರ್ಮ್ ಫ್ರೇಮಿಗೆ ಸೇರುವ ಕಡೆ ಒಂದು ಬೋಲ್ಟ್. ಬೋಲ್ಟಿನ ಸುತ್ತ ಕಬ್ಬಿಣದ ಒಳ ಕೊಳವೆ, ಅದರ ಸುತ್ತ ರಬ್ಬರ್, ರಬ್ಬರಿನ ಹೊರಗೆ ಕಬ್ಬಿಣದ ಚಿಪ್ಪು. ಬೋಲ್ಟ್ ಬಿಗಿ ಮಾಡಿದಾಗ ಒಳ ಕೊಳವೆ ಫ್ರೇಮಿಗೆ ಕಚ್ಚಿ ನಿಲ್ಲುತ್ತದೆ. ಹೊರ ಚಿಪ್ಪು ಆರ್ಮ್ ಜೊತೆ ತಿರುಗುತ್ತದೆ. ಮಧ್ಯದ ರಬ್ಬರ್ ಎಲ್ಲೂ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ ಅಷ್ಟೇ. ಚಕ್ರ ಕೆಳಗೆ ಬಂದಾಗ ಮತ್ತೆ ಬಿಚ್ಚಿಕೊಳ್ಳುತ್ತದೆ.

ಪಾಲಿ, ಅಂದರೆ ಪಾಲಿಯುರೆಥೇನ್ ಅನ್ನುವ ರಬ್ಬರಿಗಿಂತ ಗಟ್ಟಿ ಪ್ಲಾಸ್ಟಿಕ್, ಹಾಗಲ್ಲ. ಅದು ಯಾವುದಕ್ಕೂ ಅಂಟಿರುವುದಿಲ್ಲ. ಒಳ ಕೊಳವೆ ಪಾಲಿಯ ತೂತಿನೊಳಗೆ ಜಾರುತ್ತಾ ತಿರುಗಬೇಕು. ಅದಕ್ಕೇ ಗ್ರೀಸ್ ಬೇಕು. ಡೆಲ್ರಿನ್ ಅನ್ನುವ ಇನ್ನೂ ಗಟ್ಟಿ ಪ್ಲಾಸ್ಟಿಕ್ ಕೂಡ ಜಾರುವ ಜಾತಿಯದೇ, ಆದರೆ ಒತ್ತಿದರೆ ಒಂಚೂರೂ ಬಗ್ಗುವುದಿಲ್ಲ. ಸ್ಫೆರಿಕಲ್ ಬೇರಿಂಗ್‌ನಲ್ಲಿ ಒಂದು ಗುಂಡು ಇರುತ್ತದೆ, ಅದು ಎಲ್ಲ ದಿಕ್ಕಿಗೂ ತಿರುಗುತ್ತದೆ, ಯಾವ ದಿಕ್ಕಿಗೂ ಕುಗ್ಗುವುದಿಲ್ಲ.

ಅಂದರೆ ಬುಷ್‌ಗೆ ಮೂರು ಥರದ ಕೆಲಸ ಬರುತ್ತದೆ. ಬೋಲ್ಟಿನ ಸುತ್ತ ತಿರುಗುವುದು, ಪಕ್ಕಕ್ಕೆ ಓರೆಯಾಗಿ ವಾಲುವುದು, ನೇರ ಪೆಟ್ಟು ತಿನ್ನುವುದು. ರಬ್ಬರ್ ಮೂರನ್ನೂ ಅಷ್ಟಿಷ್ಟು ಮಾಡುತ್ತದೆ. ಪಾಲಿ ತಿರುಗುತ್ತದೆ, ವಾಲಲು ತಕರಾರು ಮಾಡುತ್ತದೆ. ಡೆಲ್ರಿನ್ ತಿರುಗುವುದು ಬಿಟ್ಟು ಬೇರೇನೂ ಮಾಡುವುದಿಲ್ಲ. ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಕೇಳಿಕೊಳ್ಳಬೇಕಾದ್ದು "ಯಾವ ಮೆಟೀರಿಯಲ್ ಬೆಸ್ಟ್" ಅಂತ ಅಲ್ಲ, "ಈ ಜಾಗದಲ್ಲಿ ಆರ್ಮ್ ಹೇಗೆ ಅಲುಗಾಡುತ್ತದೆ" ಅಂತ.

ಬುಷ್ ಹೋಗಿದೆ ಅಂತ ಗೊತ್ತಾಗುವುದು ಹೇಗೆ?

ಬ್ರೇಕ್ ಒತ್ತಿದಾಗ ಮುಂದಿನಿಂದ "ಟಕ್" ಅಂತ ಒಂದೇ ಸದ್ದು. ಸ್ಟೇರಿಂಗ್ ನೆಟ್ಟಗೆ ಹಿಡಿದರೂ ಗಾಡಿ ಅತ್ತಿತ್ತ ಅಲೆಯುವುದು. ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದ ಸ್ವಲ್ಪ ದಿನಕ್ಕೇ ಮತ್ತೆ ಹಾಳಾಗುವುದು. ಮುಂದಿನ ಟೈರಿನ ಒಂದು ಅಂಚು ಮಾತ್ರ ಸವೆಯುವುದು. ಹಿಂದಿನವು ಹೋಗಿದ್ದರೆ ಜೋರಾಗಿ ಎಳೆದಾಗ ಚಕ್ರ ಕುಪ್ಪಳಿಸುತ್ತದೆ.

ಕಣ್ಣಿಂದ ನೋಡಬೇಕಾದರೆ ಮುಂದಿನ ಮೇಲಿನ ಆರ್ಮ್ ಸುಲಭ. ಬಾನೆಟ್ ಎತ್ತಿ ಟಾರ್ಚ್ ಹಿಡಿದು ಆರ್ಮಿನ ಅಡ್ಡ ಶಾಫ್ಟ್ ತುದಿ ನೋಡಿ. ಶಾಫ್ಟ್ ಬುಷ್‌ನ ನಟ್ಟ ನಡುವೆ ಇರಬೇಕು. ಹೋದ ಬುಷ್‌ನಲ್ಲಿ ಅದು ಒಂದು ಕಡೆಗೆ ಕುಸಿದಿರುತ್ತದೆ. ಇನ್ನೊಂದು ಕಡೆ ರಬ್ಬರ್ ಅಣಬೆ ಥರ ಉಬ್ಬಿ ಹೊರಗೆ ಬಂದಿರುತ್ತದೆ. ಮೇಲ್ಮೈಯ ಸಣ್ಣ ಬಿರುಕು ನೋಡಿ ಗಾಬರಿ ಬೀಳಬೇಡಿ, ಅದು ವಯಸ್ಸಿನ ಗುರುತು ಅಷ್ಟೇ. ರಬ್ಬರ್ ಕೊಳವೆಯಿಂದ ಬಿಟ್ಟುಕೊಂಡಿದ್ದರೆ ಆಗ ಕೆಲಸ ಶುರು ಮಾಡಿ.

ರಬ್ಬರ್ ಹಳೇದು, ಪಾಲಿ ಹೊಸದು. ಪಾಲಿಯೇ ಒಳ್ಳೇದು ಅಲ್ವಾ?

ಎಲ್ಲರ ತಲೆಯಲ್ಲೂ ಇರುವ ಲೆಕ್ಕ ಇದೇ. ಆದರೆ ಹೋಲಿಕೆ ಮಾಡುವಾಗ ಒಂದು ಮೋಸ ಆಗುತ್ತದೆ. ಐವತ್ತು ವರ್ಷದ ಸತ್ತ ರಬ್ಬರ್ ತೆಗೆದು ಹೊಸ ಪಾಲಿ ಹಾಕುತ್ತಾರೆ. ಗಾಡಿ ಒಮ್ಮೆಗೇ ಚುರುಕಾಗುತ್ತದೆ. ಹೊಗಳಿಕೆಯೆಲ್ಲ ಪಾಲಿಗೆ ಹೋಗುತ್ತದೆ. ಆ ಜಾಗಕ್ಕೆ ಹೊಸ ರಬ್ಬರ್ ಹಾಕಿದ್ದರೂ ಅರ್ಧಕ್ಕಿಂತ ಜಾಸ್ತಿ ಸುಧಾರಣೆ ಅನುಭವಕ್ಕೆ ಬರುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ.

ರಬ್ಬರಿನ ಗುಣ ಏನು ಅಂದರೆ ಸದ್ದು ಮಾಡುವುದಿಲ್ಲ, ಗ್ರೀಸ್ ಕೇಳುವುದಿಲ್ಲ, ಹೇಗೆ ಬೇಕಾದರೂ ವಾಲುತ್ತದೆ, ರಸ್ತೆಯ ಸಣ್ಣ ಅದುರನ್ನು ನುಂಗುತ್ತದೆ. ಸುಳ್ಯ, ಪುತ್ತೂರಿನ ತೋಟಗಳಲ್ಲಿ ಬೆಳಗ್ಗೆ ಇಳಿಸುವ ಆ ಹಾಲಿನಿಂದ ಆಗುವ ನೈಸರ್ಗಿಕ ರಬ್ಬರಿಗೆ ಬಗ್ಗುವ ವಿಷಯದಲ್ಲಿ ಇವತ್ತಿಗೂ ಸರಿಸಾಟಿ ಕಷ್ಟ. ಅದಕ್ಕೆ ಆಗದೇ ಇರುವುದು ಎಣ್ಣೆ, ಬಿಸಿ ಮತ್ತು ಗಾಳಿಯಲ್ಲಿರುವ ಓಝೋನ್. ಹಳೇ ಷೆವೆಲ್‌ನಲ್ಲಿ ಪವರ್ ಸ್ಟೇರಿಂಗ್ ಎಣ್ಣೆ ಸೋರಿ ಎಡಗಡೆ ಬುಷ್ ಮೇಲೆ ಇಳಿಯುವುದು ಮಾಮೂಲು. ಎಣ್ಣೆ ಕುಡಿದ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಸೋರಿಕೆ ನಿಲ್ಲಿಸದೆ ಹೊಸ ರಬ್ಬರ್ ಹಾಕಿಸುವುದು ದುಡ್ಡು ಚೆಲ್ಲಿದ ಹಾಗೆ. ಪಾಲಿ ಎಣ್ಣೆಗೆ ಚೆನ್ನಾಗಿ ತಡೆಯುತ್ತದೆ, ಅದು ಒಪ್ಪಬೇಕಾದ ಮಾತು.

88ಎ, 95ಎ ಅಂತ ಬರೆದಿರುತ್ತಾರಲ್ಲ, ಅದೇನು?

ಶೋರ್ ಎ ಅನ್ನುವ ಗಡಸುತನದ ಅಳತೆ. ಒಂದು ಸಣ್ಣ ಮೊನೆಯನ್ನು ಒತ್ತಿ ಎಷ್ಟು ಒಳಗೆ ಹೋಯಿತು ಅಂತ ನೋಡುತ್ತಾರೆ. ಕಾರಿನ ಟೈರಿನ ಮೇಲ್ಮೈ ಸುಮಾರು 60ರಿಂದ 70. ಕಂಪನಿಯ ರಬ್ಬರ್ ಬುಷ್ ಹೆಚ್ಚು ಕಡಿಮೆ 50ರಿಂದ 65ರ ಒಳಗೆ. ಸಸ್ಪೆನ್ಷನ್ ಪಾಲಿ 80ರಿಂದ 95. ಡೆಲ್ರಿನ್ ಈ ಮಾಪನಕ್ಕೇ ಸಿಗುವುದಿಲ್ಲ, ಅದನ್ನು ಗಟ್ಟಿ ಪ್ಲಾಸ್ಟಿಕ್‌ಗೆ ಬಳಸುವ ಬೇರೆ ಮಾಪನದಲ್ಲಿ ಅಳೆಯುತ್ತಾರೆ.

ಬರೀ ನಂಬರ್ ನೋಡಿ ಕೊಳ್ಳಬೇಡಿ. ಬುಷ್‌ನ ಆಕಾರ, ದಪ್ಪ, ಒಳಗೆ ಖಾಲಿ ಜಾಗ ಬಿಟ್ಟಿದ್ದಾರಾ ಇಲ್ವಾ, ಇವೂ ಅಷ್ಟೇ ಲೆಕ್ಕಕ್ಕೆ ಬರುತ್ತವೆ.

ಪಾಲಿ ಹಾಕಿದರೆ ಗಾಡಿ ಎತ್ತಿನಗಾಡಿ ಥರ ಕುಲುಕುತ್ತಾ?

ಪೂರ್ತಿ ನಿಜವೂ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. ರಬ್ಬರ್ ಬುಷ್ ತಿರುಚಿಕೊಳ್ಳುವಾಗ ತಾನೂ ಒಂದು ಸಣ್ಣ ಸ್ಪ್ರಿಂಗ್ ಆಗಿ ಕೆಲಸ ಮಾಡುತ್ತದೆ. ಪಾಲಿಯಲ್ಲಿ ಅದಿಲ್ಲ. ಗ್ರೀಸ್ ಸರಿಯಾಗಿದ್ದರೆ ಆರ್ಮ್ ಮೇಲೆ ಕೆಳಗೆ ಆಡುವುದು ಇನ್ನೂ ಸಲೀಸೇ ಆಗುತ್ತದೆ. ಕೆಲವು ಗಾಡಿ ಬುಷ್ ಬದಲಿಸಿದ ಮೇಲೆ ಒಂಚೂರು ಕೆಳಗೆ ಕೂರುವುದಕ್ಕೆ ಕಾರಣವೂ ಇದೇ.

ಒರಟು ಅನ್ನಿಸುವುದು ಎಲ್ಲಿ ಅಂದರೆ ಕಾಂಕ್ರೀಟ್ ಹೈವೇಯ ಜೋಡಣೆ ದಾಟುವಾಗ, ಚೂಪು ಅಂಚಿನ ಗುಂಡಿಗೆ ಇಳಿದಾಗ. ಚಕ್ರ ಹಿಂದಕ್ಕೆ ತಳ್ಳಲ್ಪಡುವ ಆ ಪೆಟ್ಟನ್ನು ರಬ್ಬರ್ ತಿನ್ನುತ್ತಿತ್ತು, ಪಾಲಿ ಅರ್ಧ ತಿಂದು ಅರ್ಧ ನಿಮಗೆ ಕೊಡುತ್ತದೆ, ಡೆಲ್ರಿನ್ ಪೂರ್ತಿ ಕೊಡುತ್ತದೆ. ಹಂಪ್ ಮೇಲೆ ನಿಧಾನಕ್ಕೆ ಹೋಗುವಾಗ ಮೂರರಲ್ಲೂ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ. ಸವಾರಿ ತೀರಾ ಗಟ್ಟಿ ಅನ್ನುವವರ ಗಾಡಿಯಲ್ಲಿ ಬಹಳ ಸಲ ತಪ್ಪು ಶಾಕ್ ಅಬ್ಸಾರ್ಬರ್ ಇರುತ್ತದೆ. ಬೈಗುಳ ಮಾತ್ರ ಬುಷ್‌ಗೆ.

ಮುಂದಿನ ಆರ್ಮ್‌ಗಳಿಗೆ ಯಾವುದು?

ಷೆವೆಲ್ ಮುಂದೆ ಪ್ರತಿ ಬದಿಗೆ ಮೇಲೊಂದು, ಕೆಳಗೊಂದು ಎ-ಆಕಾರದ ಆರ್ಮ್. ಒಂದು ಆರ್ಮಿನ ಎರಡೂ ಬುಷ್ ಒಂದೇ ನೇರ ಗೆರೆಯಲ್ಲಿ ಕೂತಿರುತ್ತವೆ, ಬಾಗಿಲಿನ ಎರಡು ಕೀಲಿನ ಥರ. ಆರ್ಮ್ ಬರೀ ತಿರುಗುತ್ತದೆ, ವಾಲುವ ಅಗತ್ಯವೇ ಇಲ್ಲ. ಆದ್ದರಿಂದ ಇಲ್ಲಿ ರಬ್ಬರ್, ಪಾಲಿ, ಡೆಲ್ರಿನ್ ಮೂರೂ ನಡೆಯುತ್ತವೆ. ಆಯ್ಕೆ ನಿಮ್ಮ ಕಿವಿ ಮತ್ತು ಬೆನ್ನಿಗೆ ಬಿಟ್ಟಿದ್ದು.

ಭಾನುವಾರ ಸುತ್ತಾಟ, ಕಾರ್ ಷೋ ಅಷ್ಟೇ ಅಂದರೆ ರಬ್ಬರ್ ಸಾಕು. ಆಗಾಗ ಘಟ್ಟದ ತಿರುವಿನ ರಸ್ತೆಯಲ್ಲಿ ಓಡಿಸುತ್ತೀರಿ, ಅಗಲ ರೇಡಿಯಲ್ ಟೈರ್ ಹಾಕಿದ್ದೀರಿ ಅಂದರೆ ಪಾಲಿ ಅಥವಾ ಡೆಲ್ರಿನ್. ಒಂದು ವಿಷಯ ನೆನಪಿರಲಿ. ಈ ಗಾಡಿಗಳ ಸಸ್ಪೆನ್ಷನ್ ಲೆಕ್ಕ ಹಾಕಿದ್ದು ಬಯಾಸ್ ಪ್ಲೈ ಅನ್ನುವ ಹಳೇ ನಮೂನೆ ಟೈರ್ ಕಾಲದಲ್ಲಿ. ಇವತ್ತಿನ ರೇಡಿಯಲ್ ರಸ್ತೆಯನ್ನು ಅದಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ. ಹಾಗಾಗಿ ತಿರುವಿನಲ್ಲಿ, ಬ್ರೇಕಿನಲ್ಲಿ ಬುಷ್ ಮೇಲೆ ಬೀಳುವ ಒತ್ತಡವೂ ಜಾಸ್ತಿ. ಮೆತ್ತಗಿನ ರಬ್ಬರ್ ಇದ್ದರೆ ಬ್ರೇಕ್ ಹಾಕಿದಾಗ ಕೆಳ ಆರ್ಮ್ ಹಿಂದಕ್ಕೆ ಸರಿದು ಚಕ್ರದ ಕೋನವೇ ಬದಲಾಗುತ್ತದೆ.

ಆರ್ಡರ್ ಮಾಡುವ ಮೊದಲು ಗಾಡಿ ಕೆಳಗೆ ಮಲಗಿ ಒಮ್ಮೆ ನೋಡಿ. ಆ ಕಾಲದ ಜಿಎಂ ಕೆಳ ಆರ್ಮ್‌ಗಳಲ್ಲಿ ಹಿಂಬದಿಯ ಬುಷ್ ಕೆಲವದರಲ್ಲಿ ದುಂಡಗೆ, ಕೆಲವದರಲ್ಲಿ ಮೊಟ್ಟೆ ಆಕಾರ. ಐವತ್ತು ವರ್ಷದಲ್ಲಿ ಯಾರೋ ಬೇರೆ ಆರ್ಮ್ ತಂದು ಹಾಕಿರಲೂಬಹುದು. ಮಾಡೆಲ್ ವರ್ಷ ನಂಬಿ ಡಬ್ಬ ತರಿಸಬೇಡಿ, ಅಳತೆ ನಂಬಿ.

ಹಿಂದೆಯೂ ಅದೇ ಕಿಟ್‌ನ ಪಾಲಿ ಹಾಕಿಬಿಡಲಾ?

ಇಲ್ಲೇ ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು. ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಷೆವೆಲ್ ಹಿಂದೆ ಲೀಫ್ ಸ್ಪ್ರಿಂಗ್ ಇಲ್ಲ. ಕಾಯಿಲ್ ಸ್ಪ್ರಿಂಗ್, ನಾಲ್ಕು ಆರ್ಮ್. ಕೆಳಗಿನ ಎರಡು ಉದ್ದಕ್ಕೆ ನೇರ ಹೋಗುತ್ತವೆ. ಮೇಲಿನ ಎರಡು ಓರೆ. ಹಿಂದೆ ಡಿಫರೆನ್ಷಿಯಲ್ ಹತ್ತಿರ ಒಂದಕ್ಕೊಂದು ಸಮೀಪ, ಮುಂದೆ ಫ್ರೇಮ್ ಕಡೆ ಅಗಲ. ಆಕ್ಸಲ್ ಎಡಕ್ಕೆ ಬಲಕ್ಕೆ ಸರಿಯದ ಹಾಗೆ ಹಿಡಿದಿರುವುದು ಆ ಓರೆಯೇ. ಬೇರೆ ಅಡ್ಡ ರಾಡ್ ಏನೂ ಇಲ್ಲ.

ಈಗ ಎಡ ಚಕ್ರ ಮಾತ್ರ ಮೇಲೆ ಏರಿತು ಅಂದುಕೊಳ್ಳಿ. ಆಕ್ಸಲ್ ವಾಲುತ್ತದೆ. ಆರ್ಮಿನ ಹಿಂದಿನ ತುದಿ ಆಕ್ಸಲ್ ಜೊತೆ ವಾಲುತ್ತದೆ, ಮುಂದಿನ ತುದಿ ಫ್ರೇಮಿನಲ್ಲಿ ನೆಟ್ಟಗೆ ನಿಂತಿರುತ್ತದೆ. ಅಂದರೆ ಪ್ರತಿ ಆರ್ಮ್ ತನ್ನ ಉದ್ದಕ್ಕೂ ಹಿಂಡಿಕೊಳ್ಳಬೇಕು. ಕಬ್ಬಿಣ ಅಷ್ಟಾಗಿ ಹಿಂಡಿಕೊಳ್ಳುವುದಿಲ್ಲ, ಆದ್ದರಿಂದ ಬುಷ್ ವಾಲಬೇಕು. ಮೇಲಿನ ಓರೆ ಆರ್ಮ್‌ಗಳಲ್ಲಿ ಇದು ಇನ್ನೂ ಜಾಸ್ತಿ. ಈ ಜೋಡಣೆ ಕೆಲಸ ಮಾಡುವುದೇ ಬುಷ್ ಬಗ್ಗುತ್ತದೆ ಅನ್ನುವ ನಂಬಿಕೆ ಮೇಲೆ. ಎಂಜಿನಿಯರುಗಳು ರಬ್ಬರ್ ಹಾಕಿದ್ದು ದುಡ್ಡು ಉಳಿಸಲು ಮಾತ್ರ ಅಲ್ಲ.

ಎಂಟೂ ಕಡೆ ಗಟ್ಟಿ ಪಾಲಿ ಹಾಕಿದರೆ ಏನಾಗುತ್ತದೆ? ಆಕ್ಸಲ್ ವಾಲಲು ಜಾಗವೇ ಸಿಗದೆ ಕಚ್ಚಿಕೊಳ್ಳುತ್ತದೆ. ಹಿಂಭಾಗಕ್ಕೆ ಯಾರೂ ಕೇಳದ ಒಂದು ದಪ್ಪ ಸ್ವೇ ಬಾರ್ (ತಿರುವಿನಲ್ಲಿ ಗಾಡಿ ಪಕ್ಕಕ್ಕೆ ವಾಲದ ಹಾಗೆ ಹಿಡಿಯುವ ಸರಳು) ಹಾಕಿದ ಹಾಗೆ. ನೇರ ರಸ್ತೆಯಲ್ಲಿ ಗೊತ್ತೇ ಆಗುವುದಿಲ್ಲ. ತಿರುವಿನಲ್ಲಿ ಮೊದಲು ಗಾಡಿ ಬಿಗಿಯಾಗಿ, ಭೇಷ್ ಅನ್ನಿಸುವ ಹಾಗೆ ನಿಲ್ಲುತ್ತದೆ. ಆಮೇಲೆ ಒಳಗಿನ ಚಕ್ರ ಹಗುರಾಗಿ, ಮುನ್ಸೂಚನೆ ಇಲ್ಲದೆ ಹಿಂಭಾಗ ಜಾರುತ್ತದೆ. ಮಳೆ ರಸ್ತೆಯಲ್ಲಿ ಇದು ಅಪಾಯ.

ನಂಬಿಕೆ ಬರದಿದ್ದರೆ ಕೈಯಾರೆ ನೋಡಬಹುದು. ಫ್ರೇಮನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಹಿಂದಿನ ಸ್ಪ್ರಿಂಗ್, ಶಾಕ್ ಮತ್ತು ಸ್ವೇ ಬಾರ್ ಬಿಚ್ಚಿ, ಆಕ್ಸಲ್‌ನ ಒಂದೇ ತುದಿಗೆ ಜಾಕ್ ಕೊಡಿ. ರಬ್ಬರ್ ಇದ್ದರೆ ಆ ತುದಿ ಸಲೀಸಾಗಿ ಏರುತ್ತದೆ. ಎಂಟೂ ಕಡೆ ಪಾಲಿ ಇದ್ದರೆ ಸ್ವಲ್ಪ ದೂರ ಹೋಗಿ ಬಿಗಿಯಾಗುತ್ತದೆ, ಜಾಕ್ ಹ್ಯಾಂಡಲ್ ಕೈಗೆ ಭಾರ ಅನ್ನಿಸುತ್ತದೆ. ಅಲ್ಲಿ ಸ್ಪ್ರಿಂಗೇ ಇಲ್ಲ. ನೀವು ಒತ್ತುತ್ತಿರುವುದು ಬರೀ ಬುಷ್.

ಹಾಗಾದರೆ ಹಿಂದೆ ಏನು ಹಾಕಿಸಬೇಕು?

ರಸ್ತೆ ಗಾಡಿಗೆ ಸರಳ ದಾರಿ: ಮೇಲಿನ ಆರ್ಮ್‌ಗಳಿಗೆ, ಅದರಲ್ಲೂ ಆಕ್ಸಲ್ ಕಿವಿಗಳಿಗೆ (ಮೇಲಿನ ಆರ್ಮ್ ಸೇರಲು ಡಿಫರೆನ್ಷಿಯಲ್ ಮೇಲೆ ಚಾಚಿರುವ ಜಾಗ) ಒಳ್ಳೆಯ ಹೊಸ ರಬ್ಬರ್. ಕೆಳಗಿನ ಆರ್ಮ್‌ಗಳಿಗೆ ಬೇಕಿದ್ದರೆ ಪಾಲಿ, ಇಲ್ಲದಿದ್ದರೆ ಅಲ್ಲೂ ರಬ್ಬರ್. ಇನ್ನೂ ಚೆನ್ನಾಗಿ ಬೇಕು, ಖರ್ಚಿಗೆ ಹಿಂಜರಿಕೆ ಇಲ್ಲ ಅಂದರೆ ಆರ್ಮಿನ ಒಂದು ತುದಿಗಾದರೂ ಗುಂಡು ಕೀಲು. ಕರಿ (Currie) ಅನ್ನುವ ಕಂಪನಿಯ ಜಾನಿ ಜಾಯಿಂಟ್ ಈ ಥರದ್ದು. ಕಬ್ಬಿಣದ ಗುಂಡಿನ ಸುತ್ತ ಪಾಲಿ ತೊಟ್ಟಿಲು ಇರುತ್ತದೆ. ವಾಲುವುದಕ್ಕೆ ಅಡ್ಡಿ ಇಲ್ಲ, ಸದ್ದೂ ಬರೀ ಲೋಹದ ಕೀಲಿಗಿಂತ ಕಡಿಮೆ.

ಆರ್ಮ್ ಬಗ್ಗೆ ಒಂದು ಮಾತು. ಮಾಮೂಲಿ ಷೆವೆಲ್‌ನ ಕೆಳಗಿನ ಆರ್ಮ್ ತಳ ತೆರೆದ ತಗಡು. ಅದು ಸ್ವತಃ ಸ್ವಲ್ಪ ಹಿಂಡಿಕೊಳ್ಳುತ್ತದೆ. ಎಫ್41 ಅನ್ನುವ ಗಟ್ಟಿ ಸಸ್ಪೆನ್ಷನ್ ಪ್ಯಾಕೇಜ್ ಇದ್ದ ಗಾಡಿಗಳಿಗೆ ಹಿಂದಿನ ಸ್ವೇ ಬಾರ್ ಕೂರಿಸಲು ತಳ ಮುಚ್ಚಿದ ಪೆಟ್ಟಿಗೆ ಆರ್ಮ್ ಕೊಟ್ಟಿದ್ದರು, ಆದರೆ ಬುಷ್ ರಬ್ಬರೇ. ಈಗ ಅಂಗಡಿಯಲ್ಲಿ ಸಿಗುವುದು ಬಹುತೇಕ ಪೆಟ್ಟಿಗೆ ಆರ್ಮ್, ಎರಡೂ ತುದಿಗೆ ಪಾಲಿ. ಬಗ್ಗುತ್ತಿದ್ದ ಎರಡೂ ವಸ್ತು ಒಮ್ಮೆಗೇ ಹೋದವು ಅಂತಾಯಿತು.

ಡ್ರ್ಯಾಗ್ ಸ್ಟ್ರಿಪ್‌ಗೆ ಮಾತ್ರ ಓಡಿಸುವವರಿಗೆ ಈ ಪಾಠ ಬೇಡ. ನೇರ ಓಟದಲ್ಲಿ ಆಕ್ಸಲ್ ಅಷ್ಟಾಗಿ ವಾಲುವುದಿಲ್ಲ. ಅವರಿಗೆ ಬೇಕಾದ್ದು ಚಕ್ರ ಕುಪ್ಪಳಿಸದೆ ಬಲ ನೇರ ಇಳಿಯುವುದು. ಅವರು ಗಟ್ಟಿ ಬುಷ್ ಹಾಕಲಿ.

ಡೆಲ್ರಿನ್ ಅಂದರೆ ನೈಲಾನಾ?

ಅಲ್ಲ. ಡ್ಯೂಪಾಂಟ್ ಕಂಪನಿ 1960ರ ಸುಮಾರಿಗೆ ಮಾರುಕಟ್ಟೆಗೆ ತಂದ ಅಸಿಟಲ್ ಪ್ಲಾಸ್ಟಿಕ್‌ನ ಹೆಸರು. ನೈಲಾನ್ ನೀರು ಹೀರಿ ಊದಿಕೊಳ್ಳುತ್ತದೆ, ಬುಷ್ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಡೆಲ್ರಿನ್ ಹೀರುವುದು ಬಹಳ ಕಡಿಮೆ, ಮೇಲ್ಮೈಯೂ ಜಾರು. ಗ್ಲೋಬಲ್ ವೆಸ್ಟ್ ಕಂಪನಿಯ ಡೆಲ್-ಎ-ಲಮ್ ಬುಷ್‌ಗಳಲ್ಲಿ ಅಲ್ಯೂಮಿನಿಯಂ ಚಿಪ್ಪು, ಒಳಗೆ ಡೆಲ್ರಿನ್. ಮುಂದಿನ ಆರ್ಮ್‌ಗೆ ನನಗೆ ಪಾಲಿಗಿಂತ ಇದೇ ಇಷ್ಟ. ಪಾಲಿಯ ಹಾಗೆ ಒಮ್ಮೆ ಹಿಡಿದು ಒಮ್ಮೆ ಬಿಡುವ ಚಾಳಿ ಇಲ್ಲ. ಬೆಲೆ ಮಾತ್ರ ಪಾಲಿಯ ಹಲವು ಪಟ್ಟು.

ವಾಲಬೇಕಾದ ಜಾಗಕ್ಕೆ, ಅಂದರೆ ಹಿಂದಿನ ಓರೆ ಆರ್ಮ್‌ಗೆ, ಡೆಲ್ರಿನ್ ಬೇಡವೇ ಬೇಡ. ಬುಷ್ ಬಗ್ಗದಿದ್ದರೆ ಬೋಲ್ಟು, ಬ್ರಾಕೆಟ್ಟು, ಕಿವಿ ಯಾವುದಾದರೂ ಬಗ್ಗಲೇಬೇಕು.

ಎಲ್ಲ ಕಡೆ ಸ್ಫೆರಿಕಲ್ ಬೇರಿಂಗ್ ಹಾಕಿದರೆ?

ರೇಸ್ ಗಾಡಿಗೆ ಸರಿ. ರಸ್ತೆಯಲ್ಲಿ ಮಣ್ಣು, ನೀರು, ಮಿಷಿಗನ್ ಕಡೆಯಾದರೆ ಚಳಿಗಾಲದ ಉಪ್ಪು, ಎಲ್ಲ ಸೇರಿ ಬೇಗ ಸವೆಯುತ್ತವೆ. ಸವೆದ ಮೇಲೆ ಗಲಗಲ ಸದ್ದು. ಗೇರ್‌ಬಾಕ್ಸ್, ಡಿಫರೆನ್ಷಿಯಲ್‌ನ ಊಳು ಸೀಟಿನವರೆಗೂ ಬರುತ್ತದೆ. ಮನೆಯವರನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಬೇಡ.

ಪಾಲಿ ಕಿರ್ರ್ ಅನ್ನುವುದನ್ನು ನಿಲ್ಲಿಸುವುದು ಹೇಗೆ?

ಕಿರುಚಾಟಕ್ಕೆ ಒಂದೇ ಕಾರಣ: ಜಾರಬೇಕಾದ ಕಡೆ ಗ್ರೀಸ್ ಒಣಗಿದೆ. ಚಕ್ರದ ಬೇರಿಂಗ್‌ಗೆ ಹಾಕುವ ಮಾಮೂಲಿ ಗ್ರೀಸ್ ಬಳಿಯಬೇಡಿ, ಅದು ನೀರಿಗೆ ತೊಳೆದು ಹೋಗುತ್ತದೆ. ಪಾಲಿ ಕಿಟ್ ಜೊತೆ ಬರುವ ಅಂಟಂಟಾದ ಸಿಲಿಕೋನ್ ಗ್ರೀಸೇ ಬೇಕು. ಕೈಗೆ ಮೆತ್ತಿದರೆ ಎರಡು ದಿನ ಬಿಡುವುದಿಲ್ಲ, ಗ್ಲೌಸ್ ಹಾಕಿಕೊಳ್ಳಿ. ಒಳ ತೂತಿಗೆ ಮಾತ್ರವಲ್ಲ, ಬುಷ್‌ನ ಚಪ್ಪಟೆ ಮುಖ ಫ್ರೇಮಿಗೆ ಉಜ್ಜುವ ಕಡೆಗೂ ಬಳಿಯಬೇಕು. ಬಹಳ ಜನ ಮರೆಯುವುದು ಅದನ್ನೇ.

ಕೊಳ್ಳುವಾಗಲೇ ಗ್ರೀಸ್ ನಿಪ್ಪಲ್ ಇರುವುದು, ಒಳ ತೂತಿನಲ್ಲಿ ಗ್ರೀಸ್ ನಿಲ್ಲಲು ಗೀರು ಕೊರೆದಿರುವುದು ನೋಡಿ ಆರಿಸಿ. ಆಮೇಲೆ ಬಿಚ್ಚುವ ಕೆಲಸ ತಪ್ಪುತ್ತದೆ.

ಕೆಂಪು ಒಳ್ಳೇದಾ, ಕಪ್ಪು ಒಳ್ಳೇದಾ?

ಕಂಪನಿಯ ಮೇಲೆ ಹೋಗುತ್ತದೆ. ಎನರ್ಜಿ ಸಸ್ಪೆನ್ಷನ್‌ನಂಥವರ ಕಪ್ಪು ಬುಷ್‌ನಲ್ಲಿ ಗ್ರಾಫೈಟ್ ಬೆರೆಸಿರುತ್ತಾರೆ, ಸದ್ದು ಸ್ವಲ್ಪ ಕಡಿಮೆ. ಇನ್ನು ಕೆಲವು ಕಂಪನಿಗಳು ಬಣ್ಣದಲ್ಲೇ ಗಡಸುತನ ಗುರುತಿಸುತ್ತವೆ. ಕಪ್ಪಿಗೆ ಇನ್ನೊಂದು ಲಾಭ, ದೂರದಿಂದ ಕಂಪನಿ ರಬ್ಬರಿನ ಹಾಗೇ ಕಾಣುತ್ತದೆ. ಬಣ್ಣಕ್ಕಿಂತ ಕೇಳಬೇಕಾದ ಪ್ರಶ್ನೆ ಪಾಲಿಯೆಸ್ಟರ್ ಜಾತಿಯದಾ, ಪಾಲಿಈಥರ್ ಜಾತಿಯದಾ ಅಂತ. ಮೊದಲನೆಯದು ತೇವಕ್ಕೆ ನಿಧಾನವಾಗಿ ಪುಡಿಯಾಗುತ್ತದೆ. ಫ್ಲಾರಿಡಾದಂಥ ಸೆಖೆ ಊರಿನಲ್ಲಿ ಇದು ಲೆಕ್ಕಕ್ಕೆ ಬರುತ್ತದೆ.

ಸ್ವೇ ಬಾರ್ ಬುಷ್?

ಪಾಲಿ, ಯೋಚನೆಯೇ ಬೇಡ. ಬಾರ್ ಅಲ್ಲಿ ಸ್ವಲ್ಪ ತಿರುಗುತ್ತದೆ ಅಷ್ಟೇ. ಮೆತ್ತಗಿನ ರಬ್ಬರ್ ಇದ್ದರೆ ಬಾರ್ ಕೆಲಸ ಶುರು ಮಾಡುವ ಮುಂಚೆ ರಬ್ಬರೇ ಕುಗ್ಗಿಬಿಡುತ್ತದೆ. ಕಡಿಮೆ ದುಡ್ಡಿಗೆ ಕಣ್ಣಿಗೆ ಕಾಣುವ ಲಾಭ ಇಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗುವುದಿಲ್ಲ. ಬಾರ್ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದು ಆರ್ಡರ್ ಮಾಡಿ, ಬಣ್ಣದ ಪದರ ಕೆರೆದು ಅಳೆಯಿರಿ.

ಬಾಡಿ ಮೌಂಟ್, ಎಂಜಿನ್ ಮೌಂಟ್ ಕೂಡ ಪಾಲಿ ಮಾಡಲಾ?

ಬಾಡಿ ಮೌಂಟ್, ಅಂದರೆ ಬಾಡಿ ಮತ್ತು ಫ್ರೇಮಿನ ನಡುವಿನ ತುಂಡು, ಮಾಡಬಹುದು. ಆದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ನಾಲ್ಕು ಹಳೇದು, ನಾಲ್ಕು ಹೊಸದು ಅಂದರೆ ಎತ್ತರ ಏರುಪೇರಾಗಿ ಬಾಗಿಲಿನ ಸಂದು ಓರೆಯಾಗುತ್ತದೆ. ಕನ್ವರ್ಟಿಬಲ್‌ಗೆ ಹಾರ್ಡ್‌ಟಾಪ್‌ಗಿಂತ ಜಾಸ್ತಿ ಮೌಂಟ್ ಇರುತ್ತವೆ, ಎಣಿಸಿ ತರಿಸಿ.

ಎಂಜಿನ್ ಮೌಂಟಿಗೆ ರಬ್ಬರೇ ಇರಲಿ, ಆದರೆ ರಬ್ಬರ್ ಕಿತ್ತರೂ ಎರಡು ಕಬ್ಬಿಣದ ತುಂಡು ಒಂದಕ್ಕೊಂದು ಸಿಕ್ಕಿಕೊಂಡು ನಿಲ್ಲುವ ನಮೂನೆಯದು ತನ್ನಿ. ಇದು ಸುಮ್ನೆ ಹೆದರಿಸಲು ಹೇಳುತ್ತಿಲ್ಲ. 1960ರ ದಶಕದ ಷೆವರ್ಲೆ ಗಾಡಿಗಳಲ್ಲಿ ಮೌಂಟಿನ ರಬ್ಬರ್ ಕಿತ್ತು, ಎಂಜಿನ್ ಒಂದು ಕಡೆ ಎದ್ದು, ಆಕ್ಸಿಲರೇಟರ್ ಎಳೆದುಕೊಳ್ಳುತ್ತಿತ್ತು. 1971ರ ಕೊನೆಯಲ್ಲಿ ಜನರಲ್ ಮೋಟಾರ್ಸ್ ಸುಮಾರು 67 ಲಕ್ಷ ವಾಹನಗಳನ್ನು ಇದೇ ಕಾರಣಕ್ಕೆ ವಾಪಸ್ ಕರೆಯಬೇಕಾಯಿತು.

ಹಳೇ ಬುಷ್ ತೆಗೆಯಲು ಬೆಂಕಿ ಹಚ್ಚುತ್ತಾರಂತೆ?

ಹಚ್ಚುತ್ತಾರೆ. ನೀವು ಹಚ್ಚಬೇಡಿ. ರಬ್ಬರ್ ಹೊಗೆ ಕೆಟ್ಟದ್ದು, ಪಾಲಿ ಹೊಗೆಯಂತೂ ವಿಷ. ಪ್ರೆಸ್ ಇರುವ ಗ್ಯಾರೇಜಿಗೆ ಆರ್ಮ್ ಒಯ್ದರೆ ಬೇಗ ಮುಗಿಯುತ್ತದೆ.

ಅದಕ್ಕೂ ಮೊದಲು ಕಿಟ್‌ನ ಹಾಳೆ ಓದಿ. ಕೆಲವು ಪಾಲಿ ಕಿಟ್‌ಗಳಲ್ಲಿ ಹೊರಗಿನ ಕಬ್ಬಿಣದ ಚಿಪ್ಪು ಬರುವುದಿಲ್ಲ, ನಿಮ್ಮ ಹಳೇ ಚಿಪ್ಪನ್ನೇ ಮತ್ತೆ ಬಳಸಬೇಕು. ಅದನ್ನು ಕತ್ತರಿಸಿ ಗುಜರಿಗೆ ಹಾಕಿದ ಮೇಲೆ ಹಾಳೆ ಓದಿ ಪ್ರಯೋಜನ ಇಲ್ಲ.

ಒತ್ತುವಾಗ ಆರ್ಮಿನ ಎರಡು ಕಾಲಿನ ನಡುವೆ ಒಂದು ಗಟ್ಟಿ ಪೈಪಿನ ತುಂಡು ಆಸರೆ ಕೊಡಲೇಬೇಕು. ಇಲ್ಲದಿದ್ದರೆ ಬುಷ್ ಹೊರಗೆ ಬರುವ ಬದಲು ಆರ್ಮ್ ಒಳಗೆ ಮಡಚಿಕೊಳ್ಳುತ್ತದೆ. ಮೇಲಿನ ಆರ್ಮಿಗೆ ಹೊಸದು ಕೂರಿಸುವಾಗ ಎರಡೂ ಕಡೆ ಸಮ ಸಮ ಒತ್ತಿ, ಅಡ್ಡ ಶಾಫ್ಟ್ ನಡುವೆಯೇ ನಿಲ್ಲಬೇಕು. ಆಕ್ಸಲ್ ಕಿವಿಗಳ ಬುಷ್‌ಗೆ ಸುತ್ತಿಗೆ ಎತ್ತಬೇಡಿ. ಆ ಕಿವಿ ಬೀಡುಕಬ್ಬಿಣ, ಬಿರಿದರೆ ಇಡೀ ಹೌಸಿಂಗ್ ಕಥೆ ಮುಗಿಯಿತು. ಬೋಲ್ಟು ಬಿಗಿದು ಎಳೆಯುವ ಟೂಲ್ ಬಾಡಿಗೆಗೂ ಸಿಗುತ್ತದೆ.

ಹೊಸ ರಬ್ಬರ್ ಬುಷ್ ಬೇಗ ಹರಿದುಹೋಯಿತು. ಮಾಲು ಕಳಪೆಯಾ?

ಇರಬಹುದು. ಆದರೆ ಮೊದಲು ಒಂದು ಪ್ರಶ್ನೆ: ಬೋಲ್ಟ್ ಕೊನೆಯದಾಗಿ ಬಿಗಿ ಮಾಡಿದಾಗ ಚಕ್ರ ಎಲ್ಲಿತ್ತು? ಗಾಡಿ ಸ್ಟ್ಯಾಂಡ್ ಮೇಲಿದ್ದು ಚಕ್ರ ನೇತಾಡುತ್ತಿದ್ದಾಗ ಬಿಗಿದರೆ, ರಬ್ಬರ್ ಆ ಸ್ಥಿತಿಯನ್ನೇ ತನ್ನ ಆರಾಮದ ಜಾಗ ಅಂದುಕೊಳ್ಳುತ್ತದೆ. ಗಾಡಿ ಕೆಳಗಿಳಿಸಿದ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ. ಮನೆ ಮುಂದೆ ನಿಂತಿದ್ದರೂ ತಿರುಚಿಕೊಂಡೇ. ಒಂದು ದೊಡ್ಡ ಗುಂಡಿ ಸಿಕ್ಕಿದರೆ ಹರಿಯಿತು. ಗಾಡಿ ಎತ್ತರವೂ ತಪ್ಪಾಗಿ ಕಾಣುತ್ತದೆ.

ಸರಿಯಾದ ಕ್ರಮ ಇದು. ಎಲ್ಲ ಬೋಲ್ಟ್ ಸಡಿಲವಾಗಿ ಹಾಕಿ. ಗಾಡಿಯನ್ನು ರ‍್ಯಾಂಪ್ ಮೇಲೆ ಹತ್ತಿಸಿ, ತೂಕವೆಲ್ಲ ಚಕ್ರದ ಮೇಲಿರಲಿ. ಮುಂದೆ ಹಿಂದೆ ನಾಲ್ಕು ಸಲ ಒತ್ತಿ ಬಿಡಿ. ಆಮೇಲೆ ಮ್ಯಾನ್ಯುಯಲ್‌ನಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚ್ ಹಾಕಿ. ಪಾಲಿ, ಡೆಲ್ರಿನ್‌ಗೆ ಈ ನಿಯಮ ಇಲ್ಲ, ಅವು ಹೇಗೂ ಜಾರುತ್ತವೆ.

ಮನೆಯಲ್ಲೇ ಮಾಡಬಹುದಾ?

ಹಿಂದಿನದು ಮಾಡಬಹುದು. ಮುಂದಿನದಕ್ಕೆ ಕೈ ಹಾಕುವ ಮುಂಚೆ ಎರಡು ಸಲ ಯೋಚಿಸಿ. ಕೆಳ ಆರ್ಮ್ ಮತ್ತು ಫ್ರೇಮಿನ ನಡುವೆ ಒತ್ತಿ ಕೂರಿಸಿದ ಕಾಯಿಲ್ ಸ್ಪ್ರಿಂಗ್ ಇದೆ. ಆರ್ಮ್ ಬಿಚ್ಚಿದಾಗ ಅದು ಚಿಮ್ಮಿದರೆ ಜೀವ ಹೋಗಬಹುದು. ಸ್ಪ್ರಿಂಗ್ ಕಂಪ್ರೆಸರ್, ಕೆಳ ಆರ್ಮ್ ಅಡಿಗೆ ಜಾಕ್, ಸ್ಪ್ರಿಂಗ್ ಮತ್ತು ಫ್ರೇಮಿಗೆ ಸೇರಿಸಿ ಒಂದು ಸರಪಳಿ, ಇಷ್ಟೂ ಇಲ್ಲದೆ ಶುರು ಮಾಡಬೇಡಿ.

ಮೇಲಿನ ಆರ್ಮ್ ತೆಗೆಯುವಾಗ ಶಾಫ್ಟ್ ಮತ್ತು ಫ್ರೇಮ್ ನಡುವೆ ತೆಳು ಶಿಮ್‌ಗಳ (ತಗಡು ಚೂರುಗಳ) ಕಟ್ಟು ಸಿಗುತ್ತದೆ. ಪ್ರತಿ ಬೋಲ್ಟಿನ ಕಟ್ಟನ್ನು ಬೇರೆ ಬೇರೆ ತಂತಿಗೆ ಪೋಣಿಸಿ, "ಎಡ ಮುಂದೆ", "ಎಡ ಹಿಂದೆ" ಅಂತ ಚೀಟಿ ಕಟ್ಟಿಡಿ. ಅಲೈನ್‌ಮೆಂಟ್ ಅಂಗಡಿಗೆ ಗಾಡಿ ನೆಟ್ಟಗೆ ಓಡಿಸಿಕೊಂಡು ಹೋಗುವಷ್ಟಾದರೂ ಸರಿ ಇರುತ್ತದೆ. ಅಲೈನ್‌ಮೆಂಟ್ ಮಾತ್ರ ಮಾಡಿಸಲೇಬೇಕು. ಹಳೇ ಪುಸ್ತಕದ ಕ್ಯಾಸ್ಟರ್ (ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲಿರುವ ಕೋನ) ಸೊನ್ನೆಯ ಆಸುಪಾಸು ಅಥವಾ ಅದಕ್ಕಿಂತ ಕೆಳಗೆ. ಪವರ್ ಸ್ಟೇರಿಂಗ್, ರೇಡಿಯಲ್ ಟೈರ್ ಇದ್ದರೆ ಪಾಸಿಟಿವ್ ಕಡೆಗೆ ಎರಡು ಮೂರು ಡಿಗ್ರಿ ಕೇಳಿ, ಹೈವೇಯಲ್ಲಿ ಅಲೆಯುವುದು ನಿಲ್ಲುತ್ತದೆ.

ನನ್ನದು ಷೆವೆಲ್ ಅಲ್ಲ. ಏನು ಮಾಡಲಿ?

ಹಳೇ ಮಸ್ಟಾಂಗ್ ಆದರೆ ಮುಂದಿನ ಸ್ಟ್ರಟ್ ರಾಡ್ (ಕೆಳ ಆರ್ಮ್ ಮುಂದೆ ಹಿಂದೆ ಸರಿಯದ ಹಾಗೆ ಹಿಡಿಯುವ ಸರಳು) ಬುಷ್ ಮೇಲೆ ಕಣ್ಣಿಡಿ. ಆ ರಾಡ್ ಚಕ್ರದ ಜೊತೆ ಮೇಲೆ ಕೆಳಗೆ ವಾಲುತ್ತದೆ. ಅಲ್ಲಿ ಗಟ್ಟಿ ಪಾಲಿ ಹಾಕಿದರೆ ಬುಷ್ ವಾಲುವ ಬದಲು ರಾಡೇ ಪ್ರತಿ ಸಲ ಬಾಗುತ್ತದೆ, ಒಂದು ದಿನ ಮುರಿಯುತ್ತದೆ. ರಬ್ಬರ್ ಹಾಕಿ, ಇಲ್ಲವೇ ಗುಂಡು ಕೀಲಿನ ರಾಡ್ ಹಾಕಿ. ಮೇಲಿನ ಆರ್ಮಿನಲ್ಲಿ ಕಂಪನಿಯೇ ಸ್ಕ್ರೂ ಥರ ಮರೆ ಕೊರೆದ ಕಬ್ಬಿಣದ ಬುಷ್ ಕೊಟ್ಟಿತ್ತು, ಅದಕ್ಕೆ ಗ್ರೀಸ್ ಸಾಕು.

1967ರಿಂದ 69ರ ಕಮಾರೊಗೆ ಮುಂದೆ ಷೆವೆಲ್ ಲೆಕ್ಕವೇ. ಜೊತೆಗೆ ಮುಂದಿನ ಸಬ್‌ಫ್ರೇಮ್ (ಎಂಜಿನ್, ಮುಂದಿನ ಸಸ್ಪೆನ್ಷನ್ ಹೊತ್ತ ಅರ್ಧ ಫ್ರೇಮ್) ಬಾಡಿಗೆ ಸೇರುವ ಬುಷ್ ನೋಡಿ. ಅಲ್ಲಿ ರಬ್ಬರ್ ಕುಸಿದಿದ್ದರೆ ಮಿಕ್ಕ ಯಾವ ಬುಷ್ ಬದಲಿಸಿದರೂ ಸ್ಟೇರಿಂಗ್ ಸರಿ ಹೋಗುವುದಿಲ್ಲ. ಅಲ್ಯೂಮಿನಿಯಂ ಮೌಂಟ್ ಅಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅಲ್ಲಿ ಏನೂ ಅಲುಗಾಡಬೇಕಾಗಿಲ್ಲ. ಹಿಂದೆ ಲೀಫ್ ಸ್ಪ್ರಿಂಗ್, ಅದರ ಮುಂದಿನ ಕಣ್ಣಿಗೆ ಒಳ್ಳೆಯ ರಬ್ಬರ್ ಇಟ್ಟು ಹಿಂದಿನ ತುದಿಯ ಕೊಂಡಿಗೆ, ಅಂದರೆ ಶಾಕಲ್‌ಗೆ, ಪಾಲಿ ಹಾಕಿದರೆ ಸಮ.

ಚಾರ್ಜರ್, ರೋಡ್ ರನ್ನರ್, ಚಾಲೆಂಜರ್‌ಗಳಲ್ಲಿ ಮುಂದೆ ಕಾಯಿಲ್ ಸ್ಪ್ರಿಂಗ್ ಬದಲು ತಿರುಚಿಕೊಳ್ಳುವ ಸರಳು, ಅಂದರೆ ಟಾರ್ಷನ್ ಬಾರ್. ಕೆಳ ಆರ್ಮಿನ ರಬ್ಬರ್ ಬುಷ್ ಆರ್ಮನ್ನು ಶಾಫ್ಟ್ ಮೇಲೆ ಹಿಡಿದಿಡುವ ಕೆಲಸವನ್ನೂ ಮಾಡುತ್ತದೆ. ಪಾಲಿ ಅಂಟಿರುವುದಿಲ್ಲವಾದ್ದರಿಂದ ಸ್ಟ್ರಟ್ ರಾಡ್ ಉದ್ದ ಸರಿ ಇಲ್ಲದಿದ್ದರೆ ಆರ್ಮ್ ಮುಂದೆ ಹಿಂದೆ ಸರಿಯುತ್ತದೆ. ಮೇಲಿನ ಆರ್ಮಿಗೆ ಮೂಗ್ ಕಂಪನಿಯ ಕೆ7103 ಅನ್ನುವ, ತೂತು ನಡುವಿನಿಂದ ಪಕ್ಕಕ್ಕೆ ಸರಿದಿರುವ ರಬ್ಬರ್ ಬುಷ್ ಬಹಳ ಜನಪ್ರಿಯ. ರಬ್ಬರ್ ಆಗಿದ್ದೂ ಕ್ಯಾಸ್ಟರ್ ಹೆಚ್ಚಿಸಿಕೊಡುತ್ತದೆ.

ದುಡ್ಡು ಒಟ್ಟಿಗೆ ಇಲ್ಲ. ಯಾವುದು ಮೊದಲು?

ಸ್ವೇ ಬಾರ್ ಬುಷ್ ಮತ್ತು ಲಿಂಕ್ ಮೊದಲು. ಆಮೇಲೆ ಮುಂದಿನ ಕೆಳ ಆರ್ಮ್, ಅದರ ಜೊತೆಗೇ ಮೇಲಿನದು. ಅಲೈನ್‌ಮೆಂಟ್‌ಗೆ ಎರಡು ಸಲ ದುಡ್ಡು ಕೊಡುವ ಹಾಗಾಗಬಾರದು. ಬಾಲ್ ಜಾಯಿಂಟ್ ಕೂಡ ಅದೇ ಸಮಯಕ್ಕೆ ನೋಡಿಬಿಡಿ, ಹೇಗೂ ಆರ್ಮ್ ಕೈಯಲ್ಲಿರುತ್ತದೆ. ಹಿಂದಿನದು ಕೊನೆಗೆ, ಚಕ್ರ ಕುಪ್ಪಳಿಸುತ್ತಿಲ್ಲ ಅಂದರೆ.

1970ರ ಡಬ್ಬದಲ್ಲೇ ಇರುವ ಅಸಲಿ ಕಂಪನಿ ಬುಷ್ ಸಿಕ್ಕಿದೆ. ಹಾಕಿಸಲಾ?

ಬೇಡ. ಡಬ್ಬದಲ್ಲಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಉಗುರಿನಿಂದ ಒತ್ತಿ ನೋಡಿ, ಗುರುತು ಬೀಳದಷ್ಟು ಗಟ್ಟಿಯಾಗಿದ್ದರೆ ಅದು ಷೋಕೇಸಿನ ವಸ್ತು. ಪಾರ್ಟ್ ನಂಬರ್ ಅಚ್ಚಾಗಿರುವ ಡಬ್ಬಕ್ಕೆ ಸ್ವಾಪ್ ಮೀಟ್‌ನಲ್ಲಿ (ಹಳೇ ಬಿಡಿಭಾಗಗಳ ಸಂತೆ) ಒಳ್ಳೆ ಬೆಲೆ ಬರಬಹುದು, ಆ ದುಡ್ಡಿಗೆ ಹೊಸ ರಬ್ಬರ್ ಸೆಟ್ ತನ್ನಿ. ಹೊಸದನ್ನು ಕೊಳ್ಳುವಾಗಲೂ ಡಬ್ಬದ ಮೇಲಿನ ತಯಾರಿಕೆ ತಾರೀಖು ನೋಡಿ ತನ್ನಿ.